ಜೀನಿಯಾ ಪಾತಿ

ತೇಜಸ್ವಿನಿಗೆ ತನ್ನದು ಅನ್ನಿಸಿದ್ದು ಆ ಮನೆಯ ಹಿತ್ತಿಲೊಂದೇ. ಬೆಳಗಿನಿಂದ ಮಧ್ಯಾಹ್ನದವರೆಗೆ ತುಮಕೂರಿನ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವ ಕೆಲಸ, ಮನೆಗೆ ಬಂದ ಮೇಲೆ ಅತ್ತೆಯನ್ನು ನೋಡಿಕೊಳ್ಳುವ ಕೆಲಸ. ಕ್ಯಾತ್ಸಂದ್ರದ ಆ ಪುಟ್ಟ ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ, ಉಳಿದಂತೆ ಜಲ್ಲಿ ಮತ್ತು ಒಡೆದ ಹೆಂಚು. ಅತ್ತ ಯಾರೂ ಕಣ್ಣು ಹಾಕಿರಲಿಲ್ಲ.

ಗುಬ್ಬಿಯಲ್ಲಿದ್ದ ಅಕ್ಕ ಅರುಣಾಳ ಮನೆಗೆ ಹೋದಾಗ ಕಾಂಪೌಂಡಿನುದ್ದಕ್ಕೂ ಜೀನಿಯಾ ಅರಳಿ ನಿಂತಿದ್ದವು. ಕೆಂಪು, ಕಿತ್ತಳೆ, ಗುಲಾಬಿ. ಪರಿಮಳವಿಲ್ಲ, ದೇವರಿಗೂ ಯಾರೂ ಏರಿಸುವುದಿಲ್ಲ, ಆದರೂ ನೋಡಿದರೆ ಎದೆ ಹಗುರಾಗುತ್ತಿತ್ತು. ಅರುಣಾ ಒಣಗಿದ ಹೂಗಳನ್ನು ಪೇಪರಿನಲ್ಲಿ ಸುತ್ತಿಕೊಟ್ಟಳು.

"ಇದಕ್ಕೇನ್ ಮಹಾ ಆರೈಕೆ ಬೇಡ ಕಣೇ. ಉಜ್ಜಿ ಉದುರ್ಸು, ಮೇಲೆ ಚೂರು ಮಣ್ಣು ಹಾಕು. ಬಿಸಿಲು ಬಿದ್ರೆ ಸಾಕು, ತಾನೇ ಬರುತ್ತೆ."

ತೇಜಸ್ವಿನಿ ಎರಡು ಭಾನುವಾರ ಜಲ್ಲಿ ಆರಿಸಿ, ಮಣ್ಣು ಸಡಿಲಿಸಿ, ಗೊಬ್ಬರ ಬೆರೆಸಿ ಪಾತಿ ಮಾಡಿದಳು. ವಾರ ತುಂಬುವುದರೊಳಗೆ ಜೋಡಿ ಎಲೆ ಹೊತ್ತ ಸಸಿಗಳು ಸಾಲಾಗಿ ತಲೆಯೆತ್ತಿದವು. ಲ್ಯಾಬಿಗೆ ಹೊರಡುವ ಮುಂಚೆ ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ಹಿಂದಕ್ಕೆ ಹೋಗಿ ಒಮ್ಮೆ ನೋಡಿ ಬರುತ್ತಿದ್ದಳು.

ಅತ್ತೆ ಚಿಕ್ಕಮಾರಮ್ಮ ಚೇಳೂರಿನ ಕಡೆಯವಳು. ಮಾವ ತೀರಿಕೊಂಡ ಮೇಲೆ ಮಗ ಅಂಜನ್‌ಕುಮಾರ್ ಅವಳನ್ನು ಇಲ್ಲಿಗೆ ಕರೆತಂದಿದ್ದ. ಬಂದ ವರ್ಷವೇ ಮರೆವು ಶುರುವಾಯಿತು. ಮೊದಲು ಉಪ್ಪು ಹಾಕಿದ್ದು ಮರೆತಳು, ಆಮೇಲೆ ಬಚ್ಚಲು ಎಲ್ಲಿದೆಯೆಂಬುದನ್ನು, ಆಮೇಲೆ ಸೊಸೆಯ ಹೆಸರನ್ನು. ಬೆಳಗಿನ ಹೊತ್ತು ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮ ಆಗಾಗ ಬಂದು ನೋಡಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ತೇಜಸ್ವಿನಿ ಬಂದಾಗ ಪಾತಿ ಗುಡಿಸಿಟ್ಟಂತೆ ಬೋಳಾಗಿತ್ತು. ಚಿಕ್ಕಮಾರಮ್ಮ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಬೇರಿನ ಮಣ್ಣು ಕೊಡವಿದ ಸಸಿಗಳು ಪಕ್ಕದಲ್ಲಿ ಗುಡ್ಡೆ ಬಿದ್ದಿದ್ದವು.

"ನೋಡವ್ವ, ಎಷ್ಟೊಂದ್ ಅಣ್ಣೆ ಬಿದ್ದಿತ್ತು. ಬುಟ್ಟಿದ್ರೆ ರಾಗಿ ಏಳ್ತಿರ್ನಿಲ್ಲ" ಎಂದಳು.

ರಾಗಿ ಹೊಲದಲ್ಲಿ ಅಣ್ಣೆಯಂಥ ಕಳೆ ಕಿತ್ತೇ ಸವೆದ ಕೈಗಳು. ಅಷ್ಟು ನೆಮ್ಮದಿಯಾಗಿ ಅತ್ತೆ ನಕ್ಕಿದ್ದನ್ನು ತೇಜಸ್ವಿನಿ ಆ ಮನೆಯಲ್ಲಿ ನೋಡಿಯೇ ಇರಲಿಲ್ಲ. ಅಂದು ಅವಳು ಅತ್ತೆಯ ಕೈ ತೊಳೆಸಿದಳು.

ಮತ್ತೆ ಬಿತ್ತಿದಳು. ಸುತ್ತ ಕೋಲು ನೆಟ್ಟು ಹಳೆ ಸೀರೆ ಕಟ್ಟಿದಳು. "ಅತ್ತೆ, ಇದು ಹೂವಿನ ಗಿಡ. ಮುಟ್ಬಾರ್ದು" ಎಂದು ದಿನಾ ಹೇಳಿದಳು. "ಹೂಂ ಕಣವ್ವ" ಎನ್ನುತ್ತಿದ್ದಳು ಚಿಕ್ಕಮಾರಮ್ಮ. ಗಿಡಗಳು ಮೊಳಕಾಲುದ್ದ ಬಂದು ಮೊದಲ ಮೊಗ್ಗು ಬಿಟ್ಟವು. ಅದೇ ವಾರ ಒಂದು ದಿನ ಬಂದು ನೋಡಿದರೆ ಸೀರೆ ಹರಿದು ಬಿದ್ದಿತ್ತು, ಒಂದು ಗಿಡವೂ ಉಳಿದಿರಲಿಲ್ಲ.

ತೇಜಸ್ವಿನಿಗೆ ಏನು ಬಂದಿತೋ, ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿ ಅಲುಗಾಡಿಸಿದಳು.

"ನಿಮ್ಮ ಕೈಗೇನಾಗಿದೆ? ಈ ಮನೇಲಿ ನಂದು ಅಂತ ಒಂದು ಗಿಡಾನೂ ಇರಬಾರ್ದಾ?"

ಮುದುಕಿ ಹೆದರಿ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳು. "ಬಯ್ಬ್ಯಾಡಿ ಗೌಡ್ತಮ್ಮ. ಕೂಲಿ ಕೊಡ್ದಿದ್ರೂ ಪರವಾಗಿಲ್ಲ ಬುಡಿ. ಬಯ್ಬ್ಯಾಡಿ."

ನಾಚಿಕೆಯಾಯಿತು. ಆದರೆ ಆ ನಾಚಿಕೆಯೂ ಸಿಟ್ಟಿಗೇ ಹೋಗಿ ಸೇರಿತು. ಸಂಜೆ ಗುಬ್ಬಿ ಗೇಟಿನ ಟೈಲ್ಸ್ ಅಂಗಡಿಯ ಕೆಲಸ ಮುಗಿಸಿ ಗಂಡ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಹೇಳಿದಳು. ಅಂಜನ್‌ಕುಮಾರ್ ಮಾರನೆಯ ದಿನವೇ ಹಿತ್ತಿಲ ಬಾಗಿಲಿಗೆ ಚಿಲಕ ಹೊಡೆಸಿ ಬೀಗ ಹಾಕಿದ.

"ಅವ್ವ ಬಿಸಿಲಲ್ಲಿ ಕೂರೋದೂ ತಪ್ಪುತ್ತೆ. ಒಳ್ಳೇದೇ ಆಯ್ತು ಬಿಡು" ಎಂದ. ಇಬ್ಬರಿಗೂ ನಿರಾಳವೆನ್ನಿಸಿತು.

ಮೂರನೆಯ ಸಲ ಬಿತ್ತಿದ ಸಸಿಗಳು ಸೊಗಸಾಗಿ ಎದ್ದವು. ಕವಲೊಡೆಯಲೆಂದು ತೇಜಸ್ವಿನಿ ಕುಡಿ ಚಿವುಟಿದಳು. ಎಲೆಗೆ ಬೂದಿರೋಗ ಬರದಿರಲೆಂದು ಬುಡಕ್ಕಷ್ಟೇ ನೀರು ಹನಿಸಿದಳು. ಒಳಗಿನಿಂದ ಬಾಗಿಲು ತಟ್ಟುವ ಸದ್ದು ಕೇಳುತ್ತಿತ್ತು.

"ನೀವಿಲ್ದಾಗ್ಲೂ ಹಂಗೇ ತಟ್ತಾರೆ ಕಣಮ್ಮ" ಎಂದಳು ಸುಬ್ಬಲಕ್ಷ್ಮಮ್ಮ. "'ಆಳುಗಳೆಲ್ಲ ಹೊಲಕ್ಕೋದ್ರು, ನನ್ನೊಬ್ಬಳ್ನೇ ಬುಟ್ಟೋದ್ರು' ಅಂತ ಅಳ್ತಾರೆ. ಒಂದ್ ಗಳಿಗೆ ತೆಗೀಬಾರ್ದಾ?"

"ಸ್ವಲ್ಪ ದಿನ ಅಷ್ಟೇ ಆಂಟಿ. ಗಿಡ ದೊಡ್ಡದಾಗ್ಲಿ."

ಆಮೇಲಾಮೇಲೆ ತಟ್ಟುವುದು ನಿಂತಿತು. ಒಗ್ಗಿಕೊಂಡಳು ಎಂದುಕೊಂಡರು. ಚಿಕ್ಕಮಾರಮ್ಮ ಮಂಚದ ಮೇಲೆ ಕೂತು ಹೊದಿಕೆಯ ನೂಲನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಡುತ್ತಿದ್ದಳು. ಮುಂದೆ ಅದನ್ನೂ ಬಿಟ್ಟಳು. ಮುದ್ದೆ ಬಾಯಿಗಿಟ್ಟರೆ ನುಂಗುವುದನ್ನೇ ಮರೆತು ಕೂರುತ್ತಿದ್ದಳು. ಒಂದು ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ಬಿಟ್ಟಳು, ಹಾಸಿಗೆ ಬಿಟ್ಟು ಏಳಲಿಲ್ಲ. ತೇಜಸ್ವಿನಿ ತಾನೇ ರಕ್ತ ತೆಗೆದು, ತಾನೇ ಲ್ಯಾಬಿಗೆ ಒಯ್ದು, ಬೇಕುಬೇಕಾದ ಪರೀಕ್ಷೆಯನ್ನೆಲ್ಲ ಮಾಡಿಸಿದಳು. ಎಲ್ಲವೂ ಸರಿಯಾಗಿಯೇ ಬಂತು. "ವಯಸ್ಸಾಯ್ತಲ್ಲಮ್ಮ" ಎಂದರು ಡಾಕ್ಟರು.

ಅದೇ ಹೊತ್ತಿಗೆ ಜೀನಿಯಾ ಅರಳಿದವು. ಅಂಗೈ ಅಗಲದ ಹೂಗಳು, ಮೇಲೆಲ್ಲ ಚಿಟ್ಟೆ. ಫೋಟೊ ನೋಡಿ ಅರುಣಾ ಫೋನ್ ಮಾಡಿದಳು. "ನಮ್ಮನೇದಕ್ಕಿಂತ ಚೆನ್ನಾಗಿ ಬಂದವೆ ಕಣೇ! ಅದೇನ್ ಹಾಕ್ದೆ?"

ತೇಜಸ್ವಿನಿ ಫೋನ್ ಇಟ್ಟು, ಬೀಗ ತೆಗೆದು ಬಾಗಿಲನ್ನು ಪೂರ್ತಿ ತೆರೆದಳು. ಅಂಜನ್‌ಕುಮಾರ್ ತಾಯಿಯನ್ನು ಎತ್ತಿ ತಂದು ಪಾತಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿದ. "ಏನೂ ತೂಕಾನೇ ಇಲ್ವಲ್ಲ" ಎಂದು ತನ್ನಷ್ಟಕ್ಕೇ ಅಂದುಕೊಂಡ.

ತೇಜಸ್ವಿನಿ ಅತ್ತೆಯ ಬೆರಳುಗಳನ್ನು ಒಂದು ಗಿಡದ ಬುಡಕ್ಕೆ ಸುತ್ತಿದಳು.

"ನೋಡಿ ಅತ್ತೆ, ಎಷ್ಟೊಂದು ಅಣ್ಣೆ. ಕೀಳಿ."

ಬೆರಳುಗಳು ಸುತ್ತಿಟ್ಟಂತೆಯೇ ಇದ್ದವು, ಬಿಗಿಯಲಿಲ್ಲ. ತೇಜಸ್ವಿನಿ ತಾನೇ ಒಂದು ಗಿಡ ಕಿತ್ತು ಅವಳ ಮಡಿಲಿಗೆ ಹಾಕಿದಳು. "ಹಿಂಗೆ ಅತ್ತೆ. ಬಿಟ್ರೆ ರಾಗಿ ಏಳಲ್ಲ." ಇನ್ನೊಂದು ಕಿತ್ತಳು. ಮತ್ತೊಂದು.

"ಏನ್ ಮಾಡ್ತಿದೀಯಾ ತೇಜು? ಹೂ ಬಿಟ್ಟಿರೋ ಗಿಡ!"

ಅವಳು ನಿಲ್ಲಿಸಲಿಲ್ಲ. ಪಾತಿಯ ಅರ್ಧ ಬರಿದಾಯಿತು. ಚಿಕ್ಕಮಾರಮ್ಮ ಮಡಿಲ ಹೂಗಳನ್ನು ನೋಡಲಿಲ್ಲ, ಮಣ್ಣನ್ನೂ ನೋಡಲಿಲ್ಲ. ಬಹಳ ಹೊತ್ತಾದ ಮೇಲೆ, "ಚಳಿ ಕಣವ್ವ. ಒಳೀಕೆ ಕರ್ಕೊಂಡೋಗು" ಎಂದಳು.

ಅದೇ ಕೊನೆಯ ಮಾತು. ದೀಪಾವಳಿಗೆ ಮುಂಚೆಯೇ ತೀರಿಕೊಂಡಳು.

ತಿಥಿಗೆ ಚೇಳೂರಿನ ನೆಂಟರು ಬಂದರು. ಊಟಕ್ಕೆ ಕೂತಾಗ ಚಿಕ್ಕಮಾರಮ್ಮನ ತಂಗಿ ವನಜಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ಮಕ್ಕ ಪುಣ್ಯ ಮಾಡಿದ್ಲು. ಹುಟ್ಟಿದಾಗ್ಲಿಂದ ಹೊಲ್ದಾಗೆ ಬೆಂದ್ಲು. ಕಡೇಗಾಲ್ದಾಗೆ ಈ ಸೊಸೆ ಒಂದ್ ದಿನ ಬಿಸ್ಲಿಗೆ ಬುಡ್ಲಿಲ್ವಂತೆ. ಒಂದ್ ಕಳೆ ಕೀಳ್ಸಿಲ್ವಂತೆ."

ಪಾಯಸ ಬಡಿಸುತ್ತಿದ್ದ ತೇಜಸ್ವಿನಿಯ ಸೌಟು ನಿಂತಿತು. ಪಂಕ್ತಿಯ ಆ ತುದಿಯಲ್ಲಿದ್ದ ಸುಬ್ಬಲಕ್ಷ್ಮಮ್ಮ ತಲೆ ತಗ್ಗಿಸಿ ಎಲೆಯನ್ನೇ ನೋಡುತ್ತಿದ್ದಳು. "ಹಾಕವ್ವ" ಎಂದು ವನಜಮ್ಮ ಎಲೆ ಮುಂದಕ್ಕೆ ಸರಿಸಿದಳು. ತೇಜಸ್ವಿನಿ ಬಡಿಸಿ ಮುಂದಿನ ಎಲೆಗೆ ಹೋದಳು.

ಎಲ್ಲರೂ ಹೋದ ಮೇಲೆ ಗಂಡನಿಗೆ ಹೇಳಿದಳು, "ನಿಮ್ಮ ಚಿಕ್ಕಮ್ಮಂಗೆ ಹೇಳ್ಬೇಕಿತ್ತು."

"ಏನಂತ?" ಎಂದು ಕೇಳಿದ ಅಂಜನ್‌ಕುಮಾರ್. ಕೇಳಿದವನು ಉತ್ತರಕ್ಕೆ ಕಾಯದೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. ಅವಳು ಪಾಯಸದ ಪಾತ್ರೆಗೆ ನೀರು ಬಿಟ್ಟು, ತಳ ಹಿಡಿದದ್ದನ್ನು ಉಗುರಿನಿಂದ ಕೆರೆಯುತ್ತ ಕೂತಳು.