ಅತ್ತಿಗೆಗೆ ಇಟ್ಟ ಹೆಸರು

ಅಣ್ಣನ ಮದುವೆಯವರೆಗೆ ಹೊಲಿಗೆ ಅಂಗಡಿಯಲ್ಲಿ ನನ್ನ ಮಾತೇ ನಡೆಯುತ್ತಿತ್ತು. ಅತ್ತಿಗೆ ಬಂದಳು, ಕತ್ತರಿ ಅವಳ ಕೈ ಸೇರಿತು. ನನ್ನ ಹೊಲಿಗೆ ಕೊಂಚ ಸೊಟ್ಟಗಾದರೂ ಪೂರ್ತಿ ಬಿಚ್ಚಿಸುವಳು. ಆದರೂ ಗಿರಾಕಿಗಳಿಗೆ ಅವಳೇ ಬೇಕು. ನನಗೆ ಮೈಯೆಲ್ಲ ಉರಿ.

"ನಿನ್ ಹೆಂಡ್ತಿ ನಾಜಿ ಕಣಣ್ಣ" ಎಂದೆ. ಜನಾಂಗ ನೋಡಿ ಜನರನ್ನು ಕೊಂದವರ ಹೆಸರದು; ನನಗೆ ಬೈಯಲು ಸಿಕ್ಕಿದ್ದೇ ಅದು. ಅಣ್ಣ ನಕ್ಕ. ಹಾಳಾದವಳು ತಾನೂ ನಕ್ಕಳು! ಆಮೇಲೆ ಅಂಗಡಿಗೆಲ್ಲ ಅವಳು ಮುದ್ದಿನ 'ನಾಜಿ'.

ಮೊನ್ನೆ ಮಧ್ಯಾಹ್ನ ತೋಳಿಗೆ ಕಪ್ಪು ಪಟ್ಟಿ ಕಟ್ಟಿದ ಗುಂಪೊಂದು ಬೀದಿಗೆ ನುಗ್ಗಿತು. ಬೇರೆ ಜನಾಂಗದವರು ಊರು ಬಿಡಬೇಕೆಂದು ಗೋಡೆಗಳ ಮೇಲೆ ಬರೆಯುತ್ತಿದ್ದವರು ಇವರೇ. ಬೇರೆ ಜನಾಂಗದವನಾದ ನಮ್ಮಂಗಡಿಯ ಇಸ್ತ್ರಿಯವನನ್ನು ಹೊರಗೆ ಕಳಿಸಿ ಎಂದು ಅರಚಿದರು. ಅತ್ತಿಗೆ ಅವನನ್ನು ಒಳಗೆ ತಳ್ಳಿ ಬಾಗಿಲಿಗೆ ಅಡ್ಡ ನಿಂತಳು. ಅಲ್ಲೂ ಅವಳೇ ಮುಂದೆ!

ನಾನು ಬಟ್ಟೆ ತರಲು ಹೋಗಿದ್ದ ಅಣ್ಣನಿಗೆ ಫೋನ್ ಮಾಡಿದೆ. "ಅಣ್ಣಾ, ಬೇಗ ಬಾ! ಅಂಗಡಿ ಮುಂದೆ ನಾಜಿ..."

'ಗಳು' ಎನ್ನುವ ಮೊದಲೇ ಅವನು ಗಹಗಹಿಸಿ ನಕ್ಕ. "ಇವತ್ತೇನು ಬಿಚ್ಚಿಸಿದ್ಲು? ಸಾಕು ಕಣೇ, ಎಷ್ಟು ಹೊಟ್ಟೆಕಿಚ್ಚು ನಿಂಗೆ!" ಎಂದು ಫೋನ್ ಇಟ್ಟುಬಿಟ್ಟ.