ಮೂರು ಹೊತ್ತೂ ಉಣ್ತಿದ್ರು

ಐಸಿಯು ಬಾಗಿಲಲ್ಲಿ ನಿಂತು ಆಹಾರ ತಜ್ಞೆ ಕೇಳಿದಳು: "ಅಮ್ಮ, ಇಲ್ಲಿಗೆ ಬರೋಕೆ ಮುಂಚೆ ನಿಮ್ಮ ಯಜಮಾನ್ರ ಊಟ ಹೇಗಿತ್ತು?"

"ಮೂರು ಹೊತ್ತೂ ಚೆನ್ನಾಗಿ ಉಣ್ತಿದ್ರು" ಎಂದಳು ಹೆಂಡತಿ, ಹಾಸ್ಟೆಲೊಂದರ ಅಡುಗೆಯವಳು.

ಹಸಿ ಸುಳ್ಳು. ಇಪ್ಪತ್ತು ದಿನದಿಂದ ಗಂಡನ ಹೊಟ್ಟೆಗೆ ಚಹಾ ಬಿಟ್ಟು ಬೇರೇನೂ ಇಳಿದಿರಲಿಲ್ಲ. ಆದರೆ ಪಕ್ಕದಲ್ಲೇ ಊರಿಂದ ಬಂದ ನಾದಿನಿ ನಿಂತಿದ್ದಳು. ಹಾಸ್ಟೆಲಿನ ಮುನ್ನೂರು ಮಕ್ಕಳು ಬೆರಳು ಚೀಪಿ ಉಣ್ಣುವ ಹಾಗೆ ಅಡುಗೆ ಮಾಡುವವಳು, ಸ್ವಂತ ಗಂಡ ತಟ್ಟೆ ಮುಟ್ಟುವುದಿಲ್ಲ ಎಂದು ಯಾವ ಬಾಯಿಂದ ಹೇಳಬೇಕು? "ಗಂಟಲಲ್ಲಿ ಇಳಿಯಲ್ಲ ಕಣೇ" ಎಂದು ಅವನೇನೋ ಹೇಳಿದ್ದ. ಇವಳಿಗೆ ಕೋಪ ಮೂಗಿನ ತುದಿಯಲ್ಲೇ. "ನನ್ನ ಕೈಯಡುಗೆ ಯಾಕೆ ಇಳಿದೀತು!" ಎಂದು ತಟ್ಟೆ ಎತ್ತಿಟ್ಟಿದ್ದಳು. ನಾಲ್ಕು ದಿನ ಸುಮ್ಮನಿದ್ದರೆ ತಾನಾಗಿ ಕೇಳಿ ಉಣ್ಣುತ್ತಾನೆ ಅಂದುಕೊಂಡಿದ್ದಳು. ಅವನು ಕೇಳಲಿಲ್ಲ. ದಪ್ಪ ಆಳು, ಸೊರಗಿದ್ದು ಎದ್ದು ಕಾಣುತ್ತಿರಲಿಲ್ಲ. ಒಂದು ಬೆಳಿಗ್ಗೆ ಉಸಿರು ಸಿಕ್ಕದೆ ಬಚ್ಚಲಲ್ಲಿ ಕುಸಿದುಬಿದ್ದ.

ಆಹಾರ ತಜ್ಞೆ ಅವಳ ಮಾತನ್ನು ಬರೆದುಕೊಂಡಳು. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ಹಾಲಿನ ಬಣ್ಣದ ಆಹಾರದ ಚೀಲ ತೂಗುಹಾಕಿದರು. ಉಂಡುಟ್ಟು ಚೆನ್ನಾಗಿದ್ದವನಿಗೆ ಕೊಡುವ ಅಳತೆ. ಗಾಜಿನಾಚೆಯಿಂದ ಹನಿ ಇಳಿಯುವುದನ್ನು ನೋಡಿ ಅವಳಿಗೆ ಹೋದ ಜೀವ ಬಂದಂತಾಯಿತು. ಅಂತೂ ಹೊಟ್ಟೆಗೆ ಏನೋ ಬೀಳುತ್ತಿತ್ತಲ್ಲ.

"ಇನ್ನೊಂದು ಚೂರು ಜಾಸ್ತಿ ಹಾಕಿ ಮೇಡಂ, ಅವ್ರಿಗೆ ಕೇಳೋಕೆ ಸಂಕೋಚ."

"ನಿಮ್ಮ ಹಾಗೆ ಸೌಟಲ್ಲಿ ಬಡಿಸೋಕಾಗಲ್ಲಮ್ಮ" ಎಂದು ಆಹಾರ ತಜ್ಞೆ ನಕ್ಕಳು.

ಮೂರನೆಯ ದಿನ ಅದೇ ಮುಖದಲ್ಲಿ ನಗುವಿರಲಿಲ್ಲ. "ರಕ್ತದಲ್ಲಿ ಲವಣಗಳು ತುಂಬ ಇಳಿದಿವೆ. ಎದೆಬಡಿತ ತಪ್ತಾ ಇದೆ. ಬಹಳ ದಿನ ಉಪವಾಸ ಇದ್ದವರಿಗೆ ಒಮ್ಮೆಲೇ ಊಟ ಕೊಟ್ರೆ ಹೀಗಾಗುತ್ತೆ. ನಿಜ ಹೇಳಿ, ಉಣ್ತಿದ್ರಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ನಾದಿನಿ ಹೇಳಿದಳು: "ನಮ್ಮತ್ತಿಗೆ ಕೈಯೂಟ ಯಾರು ಬಿಡ್ತಾರೆ ಮೇಡಂ?"

"ಹೂಂ, ಉಣ್ತಿದ್ರು" ಎಂದಳು ಅಡುಗೆಯವಳು.

ನಾದಿನಿ ಔಷಧಿ ತರಲು ಕೆಳಗೆ ಹೋದಳು. ಅವಳು ಮರೆಯಾದದ್ದೇ ತಡ, ಇವಳು ಎದ್ದು ಓಡಿ ಆಹಾರ ತಜ್ಞೆಯ ಕೈ ಹಿಡಿದಳು. ಇಪ್ಪತ್ತು ದಿನದ್ದೂ ಹೇಳಿದಳು, ತಟ್ಟೆ ಎತ್ತಿಟ್ಟಿದ್ದನ್ನೂ ಹೇಳಿದಳು.

ಆಹಾರ ತಜ್ಞೆ ಬೈಯಲಿಲ್ಲ. ಫೋನಿನಲ್ಲಿ ಡಾಕ್ಟರಿಗೆ ವಿಷಯ ತಿಳಿಸಿ ಚೀಲ ನಿಲ್ಲಿಸಿದಳು. ಆಮೇಲೆ ಗೋಡೆಗೆ ಒರಗಿ ನಿಂತಳು. "ಮೊದಲನೇ ದಿನಾನೇ ಹೇಳಿದ್ರೆ ಕಾಲು ಭಾಗದಿಂದ ಶುರು ಮಾಡ್ತಿದ್ದೆ. ನಾನೂ ಇನ್ನೊಬ್ಬರನ್ನ ಕೇಳ್ಬೇಕಿತ್ತು."

ಲವಣ ಕೊಟ್ಟರು, ಎದೆ ಒತ್ತಿದರು. ಸಂಜೆ ಐದಕ್ಕೆ ಡಾಕ್ಟರು ಹೊರಬಂದು ಇಲ್ಲವೆಂದು ತಲೆಯಾಡಿಸಿದರು.

ನಾದಿನಿ ಅವಳ ಕೊರಳಿಗೆ ಬಿದ್ದು ಗೋಳೋ ಎಂದು ಅತ್ತಳು. "ಹೋಗ್ಲಿ ಬಿಡಿ ಅತ್ತಿಗೆ, ಸಮಾಧಾನ ಮಾಡ್ಕೊಳ್ಳಿ. ನಮ್ಮಣ್ಣ ಹೊಟ್ಟೆ ತುಂಬ ಉಂಡೇ ಹೋದ. ನೀವು ಒಂದು ದಿನಾನೂ ಅವನ್ನ ಹಸಿದಿರೋಕೆ ಬಿಡ್ಲಿಲ್ಲ."

ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು. ಇನ್ನು ಯಾರೂ ಕೇಳುತ್ತಿರಲಿಲ್ಲ. ಅಡುಗೆಯವಳಿಗೆ ಸುಮ್ಮನಿರಲು ಆಗಲಿಲ್ಲ.

"ಬಿಟ್ಟೆ ಕಣೇ" ಎಂದಳು. "ಇಪ್ಪತ್ತು ದಿನ ಬಿಟ್ಟೆ. ಅದನ್ನ ಹೇಳೋಕೆ ನಿನ್ನೆದುರು ನಾಚಿಕೆ ಆಯ್ತು."

ಕೊರಳಿನ ಸುತ್ತ ಇದ್ದ ಕೈಗಳು ಮೆಲ್ಲಗೆ ಸಡಿಲವಾದವು.