ಎಡಗಡೆಯ ಚಿಕ್ಕ ಗಂಟು

ಅಂಬಮ್ಮನ ಕುತ್ತಿಗೆಯ ಗಂಟಿಗೆ ಒಂಬತ್ತು ವರ್ಷ. ಮೊದಲು ಹುಣಸೆಬೀಜದಷ್ಟಿತ್ತು, ಆಮೇಲೆ ನಿಂಬೆಹಣ್ಣಿನಷ್ಟಾಯಿತು. ಈಗಂತೂ ಬಲಗಡೆಗೆ ಸೆರಗು ಎಷ್ಟು ಎಳೆದುಕೊಂಡರೂ ಎದುರಿಗೆ ಬಂದವರ ಕಣ್ಣು ಮೊದಲು ಅದರ ಮೇಲೇ ಬೀಳುತ್ತಿತ್ತು. ಕುರುಗೋಡಿನಲ್ಲಿ ಸಲಹೆ ಕೊಡುವವರಿಗೇನು ಬರವೇ? ಒಬ್ಬರು ಸುಣ್ಣ ಹಚ್ಚು ಅಂದರು, ಇನ್ನೊಬ್ಬರು ದಾರ ಕಟ್ಟಿಸು ಅಂದರು, ಮೂರನೆಯವರು ಏನೂ ಹೇಳದೆ ಲೊಚಗುಟ್ಟಿ ಮುಂದೆ ಹೋದರು. ಈ ಲೊಚಗುಟ್ಟುವವರನ್ನು ಕಂಡರೇ ಅಂಬಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಡೆಗೆ ಊರಿನ ಡಾಕ್ಟರು, "ಬಳ್ಳಾರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸ್ರಿ. ಕ್ಯಾನ್ಸರ್ ಐತೋ ಇಲ್ಲೋ ನೋಡಿಬಿಡಾಣ" ಎಂದು ಚೀಟಿ ಬರೆದುಕೊಟ್ಟರು. ಅವರು ಆ ಮಾತನ್ನು ಜ್ವರ, ನೆಗಡಿ ಅನ್ನುವಷ್ಟು ಸಲೀಸಾಗಿ ಅಂದರು. ಅಂಬಮ್ಮನಿಗೆ ಮಾತ್ರ ಅಂದಿನಿಂದ ಊಟ ಸೇರಲಿಲ್ಲ.

ಗಂಡ ಚಿದಾನಂದಪ್ಪ ಹೆದರುವ ಪೈಕಿ ಅಲ್ಲ. ಲೈನ್‌ಮ್ಯಾನ್ ಕೆಲಸ, ಇಪ್ಪತ್ತಾರು ವರ್ಷದಿಂದ ಕರೆಂಟಿನ ಕಂಬ ಹತ್ತಿ ಇಳಿದವನು. ಗಾಳಿ ಬೀಸುವಾಗ ಕೆಳಗೆ ನಿಂತವರ ಎದೆ ಡವಗುಟ್ಟಿದರೆ ಇವನು ಕಂಬದ ತುದಿಯಲ್ಲಿ ಕೂತು ಎಲೆಅಡಿಕೆ ಕೇಳುತ್ತಿದ್ದ. "ಅವರೇನು ನಿನ್ನ ಕೊಯ್ತಾರೇನು? ಬರೇ ಫೋಟೋ ತಗೀತಾರ, ನಡಿ" ಎಂದು ಹೆಂಡತಿಯನ್ನು ಬಳ್ಳಾರಿ ಬಸ್ಸು ಹತ್ತಿಸಿದ.

ಸ್ಕ್ಯಾನಿಂಗ್ ಕೋಣೆಯೊಳಗೆ ಮಬ್ಬುಗತ್ತಲು. ಅಂಬಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತವಳು ಮಂಚದ ಹತ್ತಿರ ಬರಲೊಲ್ಲಳು. ಗಂಟಿನ ಮೇಲೆ ಯಂತ್ರ ಒತ್ತಿದರೆ ಅದು ಒಳಗೇ ಒಡೆದು ವಿಷ ತಲೆಗೇರುತ್ತದೆ ಎಂದು ಓಣಿಯ ಯಾರೋ ಪುಣ್ಯಾತ್ಮರು ಹೇಳಿ ಕಳಿಸಿದ್ದರು. ಡಾಕ್ಟರು ಹೇಮಾ, ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ತಾಳ್ಮೆಯಿಂದಲೇ ಎರಡು ಸಲ ಕರೆದಳು. ಹೊರಗೆ ಇನ್ನೂ ಇಪ್ಪತ್ತು ಮಂದಿ ಕಾಯುತ್ತಿದ್ದರು.

"ಸರಿ ಬಿಡು," ಅಂದ ಚಿದಾನಂದಪ್ಪ, ಅಂಗಿಯ ಗುಂಡಿ ಬಿಚ್ಚುತ್ತ. "ಡಾಕ್ಟರಮ್ಮ, ಮೊದ್ಲು ನನಗ ಹಾಕ್ರಿ. ಈಕಿ ಕಣ್ಣಾರೆ ನೋಡಲಿ."

ಹೇಳಿದ್ದೇ ತಡ, ಹೋಗಿ ಮಲಗಿಯೇಬಿಟ್ಟ. ಹೇಮಾಗೆ ನಗು ಬಂತು. ಅವನ ಕುತ್ತಿಗೆಗೆ ತಣ್ಣನೆಯ ಜೆಲ್ ಹಚ್ಚಿ, ಕೈಯಲ್ಲಿದ್ದ ಯಂತ್ರದ ಹಿಡಿಕೆಯನ್ನು ಬಲದಿಂದ ಎಡಕ್ಕೆ ಆಡಿಸುತ್ತ, "ನೋಡ್ರಿ ಅಂಬಮ್ಮ, ಇಷ್ಟೇ..." ಎಂದಳು. ಅಷ್ಟರಲ್ಲಿ ಅವಳ ಕೈ ನಿಂತಿತು. ಹಿಡಿಕೆ ಒಂದು ಬೆರಳಿನಷ್ಟು ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು. ಮುಖದ ಮೇಲಿನ ನಗು ಅಳಿಸಿಹೋಗಿತ್ತು. ಪರದೆಯ ಮೇಲೆ ಏನನ್ನೋ ಅಳೆದಳು, ಇನ್ನೊಂದು ದಿಕ್ಕಿನಿಂದ ಮತ್ತೆ ಅಳೆದಳು.

"ನಿಮಗೆಷ್ಟು ವಯಸ್ಸು?"

"ಐವತ್ತೆರಡು. ಮುಗೀತಲ್ರಿ? ಈಕಿಗೆ ಧೈರ್ಯ ಬಂತು, ಎಬ್ಬಸ್ರಿ ನನ್ನ."

ಆಮೇಲೆ ಅಂಬಮ್ಮ ಮಲಗಿದಳು. ಏನೂ ಒಡೆಯಲಿಲ್ಲ, ವಿಷವೂ ಏರಲಿಲ್ಲ. ಎಲ್ಲ ಮುಗಿದ ಮೇಲೆ ಹೇಮಾ ಕುರ್ಚಿ ತಿರುಗಿಸಿಕೊಂಡು ಮೊದಲು ಅಂಬಮ್ಮನಿಗೆ ಹೇಳಿದಳು. "ನಿಮ್ಮ ಗಂಟು ದೊಡ್ಡದು, ಆದ್ರ ಒಳಗೆಲ್ಲ ಸ್ಪಂಜಿನ ಹಂಗ ನೀರಿನ ಸಣ್ಣ ಸಣ್ಣ ಗೂಡು ಅದಾವ. ಇಂಥದ್ದು ಕ್ಯಾನ್ಸರ್ ಆಗಿರೋದು ಬಹಳ ಅಪರೂಪ. ಸೂಜಿ ಪರೀಕ್ಷೆನೂ ಬ್ಯಾಡ." ಆಮೇಲೆ ಚಿದಾನಂದಪ್ಪನ ಕಡೆ ತಿರುಗಿ, ತನ್ನ ಕುತ್ತಿಗೆಯ ಎಡಗಡೆ ಬೆರಳಿಟ್ಟು ತೋರಿಸಿದಳು. "ನಿಮಗ ಇಲ್ಲೊಂದು ಚಿಕ್ಕದು ಐತಿ. ಹನ್ನೆರಡು ಮಿಲಿಮೀಟರು. ಕೈಗೆ ಸಿಗಂಗಿಲ್ಲ. ಆದ್ರ ಅದು ಕಪ್ಪಗೈತಿ, ಅಂಚು ಸರಿ ಇಲ್ಲ, ಒಳಗ ಬಿಳಿ ಚುಕ್ಕಿ ಅದಾವ. ಅಗಲಕ್ಕ ಮಲಗಿಲ್ಲ, ಎತ್ತರಕ್ಕ ನಿಂತೈತಿ. ನಾವು ಒಂದರಿಂದ ಐದರ ತನಕ ನಂಬರ್ ಕೊಡ್ತೀವಿ. ಐದು ಅಂದ್ರ ಸಂಶಯ ಜಾಸ್ತಿ. ನಿಮ್ಮದು ಐದು."

"ಸಾಲ್ಯಾಗ ಒಂದಿನಾನೂ ಐದಕ್ಕೈದು ಬಂದಿದ್ದಿಲ್ಲ ನೋಡ್ರಿ ನನಗ," ಎಂದು ಚಿದಾನಂದಪ್ಪ ನಕ್ಕ. ಕೋಣೆಯಲ್ಲಿ ಬೇರೆ ಯಾರೂ ನಗಲಿಲ್ಲ.

"ಕ್ಯಾನ್ಸರೇ ಅಂತ ನಾನು ಹೇಳ್ತಿಲ್ಲ. ಸೂಜಿ ಹಾಕಿ ಒಂಚೂರು ತೆಗೆದು ನೋಡಿದ್ರ ಗೊತ್ತಾಗತೈತಿ. ತಡ ಮಾಡಬ್ಯಾಡ್ರಿ. ಕೌಂಟರಿನಾಗ ನಿಮ್ಮ ಹೆಸರು ಬರೆಸ್ರಿ, ಸಂಜೆಗೆ ಇಬ್ಬರ ರಿಪೋರ್ಟೂ ಕೊಡ್ತಾರ."

ಅವನು ಕೌಂಟರಿಗೆ ಹೋದ. ಅಂಬಮ್ಮ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದಳು, ಆದರೆ ಲೆಕ್ಕ ಹತ್ತಲಿಲ್ಲ. ಗಂಟು ಹೊತ್ತವಳು ತಾನು. ಹೊತ್ತವಳಿಗೆ ಏನೂ ಇಲ್ಲವಂತೆ, ಜೊತೆಗೆ ಬಂದವನಿಗೆ ಇದೆಯಂತೆ. ಗಂಡನ ಕುತ್ತಿಗೆ ನೋಡಿದಳು. ನುಣ್ಣಗೆ ಕ್ಷೌರ ಮಾಡಿದ, ಎಲ್ಲರ ಹಾಗಿನ ಕುತ್ತಿಗೆ. ತನ್ನ ಗಂಟು ಮುಟ್ಟಿಕೊಂಡಳು. ಅದು ಇದ್ದಲ್ಲೇ ಇತ್ತು. ಖುಷಿಪಡಬೇಕೋ ಅಳಬೇಕೋ ಆ ತಾಯಿಗೆ ತಿಳಿಯಲೇ ಇಲ್ಲ.

ಮರುದಿನ ಬೆಳಿಗ್ಗೆ ಚಿದಾನಂದಪ್ಪ ಹಿಂದಿನ ಸಂಜೆ ಇಸಿದುಕೊಂಡಿದ್ದ ಎರಡು ಲಕೋಟೆ ತಂದು ಅವಳ ಮುಂದಿಟ್ಟ. "ಹೆಸರು ಓದು."

ಅಂಬಮ್ಮ ಓದಿದ್ದು ಏಳನೇ ತರಗತಿ. ಇಂಗ್ಲಿಷಿನಲ್ಲಿ ಬೇರೇನೂ ಬಾರದಿದ್ದರೂ ತನ್ನ ಹೆಸರಿನ ಅಕ್ಷರ ಆಧಾರ್ ಕಾರ್ಡಿನಲ್ಲಿ ನೋಡಿ ನೋಡಿ ಗುರುತಿತ್ತು. ಎರಡೂ ಕಾಗದದ ಮೇಲೆ ಅದೇ ಹೆಸರು.

"ಎರಡೂ ನಿಂದೇ. ಬಲಗಡೆದು ಒಂದು, ಎಡಗಡೆದು ಒಂದು. ಎಡಗಡೆದಕ್ಕ ಸೂಜಿ ಅಂದಾರ."

"ಆ ಡಾಕ್ಟರಮ್ಮ ನಿಮಗಲ್ಲೇನ್ರಿ ಹೇಳಿದ್ದು?"

"ನಾ ಮಲಗಿದ್ದು ನಿನಗ ತೋರ್ಸಾಕ. ತೋರ್ಸಾಕ ಮಲಗಿದವಗ ರೋಗ ಬರತೈತೇನು? ನೀ ಅಂಜಿದ್ದಿ, ಏನೋ ಕೇಳಿಸ್ಕಂಡಿ. ಕಾಗದ ಸುಳ್ಳು ಹೇಳತೈತೇನು?"

ಡಾಕ್ಟರ ಬಾಯಿ ಒಂದು ಹೇಳಿತ್ತು, ಡಾಕ್ಟರ ಕಾಗದ ಇನ್ನೊಂದು ಹೇಳುತ್ತಿತ್ತು. ಬಾಯಿಮಾತು ಗಾಳಿಗೆ ಹೋಯಿತು, ಕಾಗದ ಕೈಯಲ್ಲಿದೆ. ಹೌದು, ತಾನು ಹೆದರಿದ್ದಳು, ಕೋಣೆಯಲ್ಲಿ ಬೆಳಕೂ ಕಡಿಮೆಯಿತ್ತು. ಮೂರು ದಿನ ಅಂಬಮ್ಮ ಕನ್ನಡಿ ಮುಂದೆ ನಿಂತು ತನ್ನ ಎಡಗುತ್ತಿಗೆ ಒತ್ತಿಕೊಂಡಳು. ಒಮ್ಮೆ ಏನೋ ಸಿಕ್ಕ ಹಾಗಿರುತ್ತಿತ್ತು, ಮರುಗಳಿಗೆ ಸಿಗುತ್ತಿರಲಿಲ್ಲ. ಒತ್ತಿ ಒತ್ತಿ ನೋವು ಬಂತು, ನೋವು ಬಂದದ್ದರಿಂದ ಇರಬಹುದು ಅನಿಸಿತು. ಗಂಡ ಊಟಕ್ಕೆ ಕೂತಾಗ ರೊಟ್ಟಿಯ ತುತ್ತು ಅವನ ಗಂಟಲಲ್ಲಿ ಇಳಿಯುವುದನ್ನೇ ನೋಡುತ್ತಿದ್ದಳು. "ಏನು ನೋಡ್ತಿ?" ಅಂದರೆ, "ಏನಿಲ್ಲ, ಪಲ್ಯ ಹಾಕಲೇನು?" ಅನ್ನುತ್ತಿದ್ದಳು.

ನಾಲ್ಕನೆಯ ದಿನ ಲಕೋಟೆಗಳನ್ನು ಚೀಲದಲ್ಲಿಟ್ಟುಕೊಂಡು ಸಿರುಗುಪ್ಪದ ತಂಗಿಯ ಮನೆಗೆ ಹೋದಳು. ತಂಗಿ ಹಂಪಮ್ಮ ಅಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಹದಿನೈದು ವರ್ಷದಿಂದ ನರ್ಸು. ಎರಡೂ ಕಾಗದ ಓದಿ ಅವಳ ಹುಬ್ಬು ಗಂಟಿಕ್ಕಿತು.

"ಅಕ್ಕ, ಬಲಗಡೆದು ಬಿಡು, ಅದು ಏನೂ ಅಲ್ಲ. ಎಡಗಡೆದು ಐದು ಅಂತ ಹಾಕ್ಯಾರ. ಸೂಜಿ ಹಾಕಿಸಲೇಬೇಕು."

"ಅದು ನಿಮ್ಮ ಭಾವಂದು ಅನಸತೈತಿ ನನಗ."

"ಭಾವಂದಾದ್ರ ನಿನ್ನ ಹೆಸರು ಯಾಕ ಬರತೈತಿ?"

"ಒಂದು ಕುತ್ತಿಗಿಗೆ ಎರಡು ಕಾಗದ ಯಾಕ ಮತ್ತ?"

ಹಂಪಮ್ಮ ಕಾಗದ ತಿರುಗಿಸಿ ಮುರುಗಿಸಿ ನೋಡಿದಳು. ವಯಸ್ಸು ನಲವತ್ತಾರು, ಹೆಣ್ಣು, ಅಂಬಮ್ಮ ಅಂತಲೇ ಇತ್ತು. "ಒಮ್ಮೊಮ್ಮೆ ಹಂಗೂ ಕೊಡ್ತಾರ ಅಕ್ಕ. ನೀ ತಲಿ ಕೆಡಿಸ್ಕಬ್ಯಾಡ, ಸೂಜಿ ಹಾಕಿಸ್ಕ" ಅಂದಳು. ಓದಿದ ತಂಗಿಯೇ ಹೀಗಂದ ಮೇಲೆ ಅಂಬಮ್ಮ ತನ್ನ ಕಿವಿಯನ್ನು ನಂಬುವುದನ್ನು ಬಿಟ್ಟಳು. ಅಲ್ಲೇ ಕೂತು ಅತ್ತಳು. ಆ ಅಳುವಿನಲ್ಲಿ ಸ್ವಲ್ಪ ಸಮಾಧಾನವೂ ಇತ್ತು ಅನ್ನಬೇಕು, ಯಾಕೆಂದರೆ ರೋಗ ಯಾರದ್ದು ಅನ್ನುವುದಾದರೂ ಈಗ ಖಾತ್ರಿಯಾಗಿತ್ತು.

ಅಲ್ಲಿಂದ ಮುಂದೆ ಚಿದಾನಂದಪ್ಪನ ವರಸೆಯೇ ಬದಲಾಯಿತು. ಇಪ್ಪತ್ತಾರು ವರ್ಷ ಒಲೆಯ ಕಡೆ ತಲೆ ಹಾಕದವನು ಚಹಾ ಕಾಸಿ ತಂದುಕೊಟ್ಟ. ರಜೆ ಹಾಕಿದ, ದಾಳಿಂಬೆ ಬಿಡಿಸಿ ಬಟ್ಟಲಿಗೆ ಹಾಕಿದ, ಸೂಜಿ ಪರೀಕ್ಷೆಗೆ ತಾನೇ ಫೋನು ಮಾಡಿ ಹೆಂಡತಿಯ ಹೆಸರಿನಲ್ಲಿ ದಿನ ಗೊತ್ತು ಮಾಡಿದ. ರೋಗ ಬಂದರೂ ಇಂಥ ಗಂಡ ಸಿಕ್ಕನಲ್ಲ ಎಂದು ಅಂಬಮ್ಮ ಒಳಗೊಳಗೇ ಕರಗಿದಳು.

ಬಳ್ಳಾರಿಯ ಅದೇ ಕೋಣೆ, ಅದೇ ಮಂಚ. ಅವನು ಹೊರಗೆ ಬೆಂಚಿನ ಮೇಲೆ ಕೂತ. ಹೇಮಾ ಕಾಗದ ನೋಡಿ, ಅಂಬಮ್ಮನ ಎಡಗುತ್ತಿಗೆಗೆ ಹಿಡಿಕೆ ಇಟ್ಟು, ಸೂಜಿ ಹಾಕಬೇಕಾದ ಜಾಗ ಹುಡುಕಿದಳು. ಹುಡುಕುತ್ತಲೇ ಇದ್ದಳು. ಮತ್ತೆ ಕಾಗದ ನೋಡಿದಳು, ಅಂಬಮ್ಮನ ಮುಖ ನೋಡಿದಳು.

"ಅಮ್ಮ, ಇದು ನಿಮ್ಮ ರಿಪೋರ್ಟ್ ಅಲ್ಲ. ನಿಮ್ಮ ಎಡಗಡೆ ಏನೂ ಇಲ್ಲ."

ಅಂಬಮ್ಮನಿಗೆ ಎಂಥ ಸಂತೋಷವಾಯಿತೆಂದರೆ ಡಾಕ್ಟರ ಕೈಯನ್ನೇ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂತು. ಮನೆದೇವರಿಗೆಲ್ಲ ಒಮ್ಮೆಲೇ ಕೈಮುಗಿದಳು. ಜೆಲ್ ಒರೆಸಿಕೊಂಡು ಎದ್ದು ಕೂರುವಷ್ಟು ಹೊತ್ತು ಆ ಸಂತೋಷ ಇತ್ತು.

"ಅವತ್ತು ಮೊದ್ಲು ಮಲಗಿದ್ರಲ್ಲ, ನಿಮ್ಮ ಯಜಮಾನರು, ಅವರೆಲ್ಲಿ?" ಎಂದಳು ಹೇಮಾ. ದನಿ ಸಣ್ಣದಾಗಿತ್ತು. "ಇದು ಅವರದು. ಸಹಿ ಮಾಡುವಾಗ ನಾನು ಹೆಸರು ನೋಡಬೇಕಿತ್ತು. ತಪ್ಪು ನನ್ನದೂ ಐತಿ."

ತನ್ನ ಕಿವಿಯೇ ಕೇಳಿದ್ದ ಮಾತು. ಮೂರು ವಾರದ ಹಿಂದೆ, ಇದೇ ಕೋಣೆಯಲ್ಲಿ. ಈಗಷ್ಟೇ ದೇವರಿಗೆ ಮುಗಿದ ಕೈಗಳನ್ನು ಎಲ್ಲಿಡಬೇಕೆಂದು ಅಂಬಮ್ಮನಿಗೆ ತಿಳಿಯಲಿಲ್ಲ. ತಾನು ಯಾವುದಕ್ಕೆ ಸಂತೋಷಪಟ್ಟೆ ಅನ್ನುವುದು ಹೊಳೆದು ನಾಚಿಕೆಯಿಂದ ಮುಖ ಸುಟ್ಟಂತಾಯಿತು.

ಹೊರಗೆ ಬಂದು ಗಂಡನ ಪಕ್ಕ ಕೂತಳು.

"ನನ್ನ ಎಡಕ್ಕ ಏನೂ ಇಲ್ಲಂತ್ರಿ."

ಅವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಆಮೇಲೆ, "ಛಲೋ ಆತು" ಅಂದ. ಮುಖದಲ್ಲಿ ಮಾತ್ರ ಏನೂ ಛಲೋ ಕಾಣಲಿಲ್ಲ. ಇವಳಿಗೆ ಒಳ್ಳೆಯದಾದ ಸುದ್ದಿ ಕೇಳಿ ಅವನ ಮುಖ ಬಾಡಿದ್ದು ಇದೇ ಮೊದಲು.

"ಕೌಂಟರಿನಾಗ ನನ್ನ ಹೆಸರು ಯಾಕ ಹೇಳಿದ್ರಿ?"

"ನನ್ನ ಹೆಸರು ಕಾಗದದಾಗ ಬಂದ್ರ ಕಂಬ ಹತ್ತಾಕ ಬಿಡಂಗಿಲ್ಲ, ಆಫೀಸಿನಾಗ ಕುಂದ್ರಸ್ತಾರ ಅಂದ್ಕಂಡೆ," ಎಂದು ನೆಲ ನೋಡುತ್ತ ಶುರುಮಾಡಿದ. ಆಮೇಲೆ ತಲೆ ಅಲ್ಲಾಡಿಸಿದ. "ಅದೂ ಅಲ್ಲ. ನನಗ ಅಂಜಿಕಿ ಆತು, ಅಂಬಿ. ಬಾಯಿಗೆ ನಿನ್ನ ಹೆಸರು ಬಂತು. ಆಮ್ಯಾಲ ಆ ಕಾಗದ ನೋಡಿ ನೋಡಿ ನನಗೂ ಅದು ನಿಂದೇ ಅನಿಸಾಕ ಹತ್ತಿತ್ತು. ನಿನಗಿದ್ರ ಏನು ಮಾಡಬೇಕು ನನಗ ಗೊತ್ತಿತ್ತು. ಚಹಾ ಮಾಡಬೇಕು, ಹಣ್ಣು ತರಬೇಕು, ಹೊರಗ ಕುಂದ್ರಬೇಕು. ನನಗಿದ್ರ ಏನು ಮಾಡಬೇಕು?"

ಅಂಬಮ್ಮನಿಗೆ ಸಿಟ್ಟು ಬಂತು. ದಾಳಿಂಬೆಯ ಬಟ್ಟಲು ಎದುರಿಗಿದ್ದಿದ್ದರೆ ಅವನ ಮುಖಕ್ಕೇ ಎರಚುತ್ತಿದ್ದಳು. ಸಿಟ್ಟು ಮುಗಿದ ಮೇಲೆ ಮರುಕ ಬಂದಿದ್ದರೆ ಸಲೀಸಾಗುತ್ತಿತ್ತು, ಎರಡೂ ಒಟ್ಟಿಗೆ ಬಂದವು.

"ನನಗೂ ಗೊತ್ತಿಲ್ಲ," ಅಂದಳು. "ಏಳ್ರಿ. ತಡ ಮಾಡಬ್ಯಾಡ್ರಿ ಅಂತ ಅವತ್ತೇ ಹೇಳ್ಯಾರ."

ಅವನು ಎದ್ದ. ಕಂಬದ ಮೇಲೆ ಕೈ ಬಿಟ್ಟು ನಿಲ್ಲುತ್ತಿದ್ದವನು ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮಲಗಿದ. ಅಂಬಮ್ಮ ತಲೆದಿಂಬಿನ ಹತ್ತಿರ ನಿಂತಳು. ಪರದೆಯ ಮೇಲೆ ಅದನ್ನು ಈಗ ಸರಿಯಾಗಿ ನೋಡಿದಳು. ಕಪ್ಪಗೆ, ಸಣ್ಣಗೆ, ನೆಟ್ಟಗೆ ನಿಂತಿತ್ತು, ಒಳಗೆ ಬಿಳಿ ಚುಕ್ಕಿಗಳು. ಇಷ್ಟೇ ಇಷ್ಟು. ತನಗೇ ಇದ್ದಿದ್ದರೆ ಆಗುತ್ತಿತ್ತು ಅನಿಸಿತು, ಹೆದರಿ ಹೆದರಿ ತನಗಾದರೂ ಒಂಬತ್ತು ವರ್ಷದ ರೂಢಿಯಿತ್ತು.

"ಅಲುಗಾಡಬ್ಯಾಡ್ರಿ," ಎಂದಳು ಹೇಮಾ. "ನಾನು ಹೇಳೋ ತನಕ ಉಗುಳು ನುಂಗಬ್ಯಾಡ್ರಿ."

ಚಿದಾನಂದಪ್ಪನ ಕಣ್ಣು ಹೆಂಡತಿಯನ್ನು ಹುಡುಕಿತು. ಪರದೆಯ ಮೂಲೆಯಿಂದ ಸೂಜಿ ಬಿಳಿ ಗೆರೆಯಾಗಿ ಒಳಗೆ ಬಂತು. ಡಾಕ್ಟರು ಮುಗೀತು ಅನ್ನುವ ತನಕ ಅಂಬಮ್ಮನೂ ಉಗುಳು ನುಂಗಲಿಲ್ಲ.